ಗಾಜನೂರಿನ ಸಿಪಾಯಿಯ ಕಾಲಿನ ಮಣ್ಣು

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಒಂದೇ ವರ್ಷದಲ್ಲಿ ನಾನು ಏಳೆಂಟು ಸಲ ಹೋಗಿರಬೇಕು. ಅಲ್ಲಿರುವ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳನ್ನು ನೋಡುವುದೇ ಕೆಲಸ. ಗೊತ್ತಿಲ್ಲದವರಿಗೆ ಅವು ಕಿತ್ತುಹಾಕಿದ ನೀರಿನ ಪೈಪಿನ ತುಂಡುಗಳಂತೆ ಕಾಣುತ್ತವೆ. ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರ ಜುಲೈನಲ್ಲಿ ಒಂದು ಬಾವಿಯ ಕೆಸರು ತೆಗೆದಾಗ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಅವು ಹೈದರ್-ಟಿಪ್ಪು ಕಾಲದ ಮೈಸೂರಿನ ಯುದ್ಧ ರಾಕೆಟ್ಟುಗಳು. ಒಂದು ಕಾಲಕ್ಕೆ ಮದ್ದು ತುಂಬಿಸಿಕೊಂಡು, ಬಿದಿರುಗಳುವಿಗೆ ಕಟ್ಟಿಸಿಕೊಂಡು ಹಾರಬೇಕಾಗಿದ್ದವು.

ಇತಿಹಾಸದ ವಿದ್ಯಾರ್ಥಿಯಾದವನು ಅವುಗಳ ಉದ್ದ, ತೂಕ, ಮದ್ದಿನ ಪ್ರಮಾಣ ಬರೆದುಕೊಳ್ಳಬೇಕು. ನಾನು ಬರೆದುಕೊಂಡಿದ್ದು ಬಣ್ಣ. ತುಕ್ಕು ಎಲ್ಲಿ ಕಂದು, ಎಲ್ಲಿ ಇಟ್ಟಿಗೆಕೆಂಪು, ಎಲ್ಲಿ ಹೆಪ್ಪುಗಟ್ಟಿ ಕಪ್ಪಾಗಿದೆ, ಎಲ್ಲಿ ಚಕ್ಕೆ ಎದ್ದು ಒಳಗಿನ ಕಿತ್ತಳೆ ಕಾಣುತ್ತದೆ ಎಂದು ಒಂದು ನೋಟ್‌ಬುಕ್ಕಿನ ನಾಲ್ಕು ಪುಟ. ಕಾರಣ, ಭದ್ರಾವತಿಯ ನಮ್ಮ ಮನೆಯಲ್ಲಿ, ಥೀಸಿಸ್ಸಿನ ಹಾಳೆಗಳ ಪಕ್ಕದಲ್ಲಿ, ಮುಲಾಮಿನ ಡಬ್ಬಿಯೊಂದರ ಮೇಲೆ ಅಂಟಿಕೊಂಡು ಒಬ್ಬ ಸಿಪಾಯಿ ನಿಂತಿದ್ದ. ಎತ್ತರ 54 ಮಿಲಿಮೀಟರ್. ಅವನ ಬಂದೂಕಿನ ನಳಿಗೆಗೆ ಸರಿಯಾದ ಬಣ್ಣ ಬೇಕಿತ್ತು.

ಈ 54 ಮಿಲಿಮೀಟರಿಗೂ ಒಂದು ಚರಿತ್ರೆ ಇದೆ. ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿಯವರು 1893ರಲ್ಲಿ ಸೀಸದ ಸಿಪಾಯಿಗಳನ್ನು ಒಳಗೆ ಟೊಳ್ಳಾಗಿ ಎರಕಹೊಯ್ಯುವ ವಿಧಾನ ಕಂಡುಕೊಂಡರು. ಸೀಸ ಉಳಿಯಿತು, ಬೆಲೆ ಇಳಿಯಿತು, ಅವರ ಗೊಂಬೆಯ ಅಳತೆಯೇ ಪ್ರಪಂಚದ ಅಳತೆಯಾಯಿತು. ನಿಜವಾದ ಮನುಷ್ಯನ ಸುಮಾರು ಮೂವತ್ತೆರಡನೇ ಒಂದು ಭಾಗ. ಮಕ್ಕಳ ಆಟದಿಂದ ಹೊರಟದ್ದು ದೊಡ್ಡವರ ಹವ್ಯಾಸವಾಗಿ, ಈಗ ಸೀಸದ ಬದಲು ರೆಸಿನ್ ಬಂದಿದೆ. ನಮ್ಮಲ್ಲೇನು ಕಡಿಮೆ ಎಂದು ನೀವು ಕೇಳಬಹುದು. ದಸರೆಯಲ್ಲಿ ಮೆಟ್ಟಿಲಿನ ಮೇಲೆ ಕೂರುವ ಮಣ್ಣಿನ ಸಿಪಾಯಿಗಳನ್ನು ನಾವೆಲ್ಲ ನೋಡಿದ್ದೇವೆ. ಆದರೆ ಗೊಂಬೆ ಕೂರಿಸುವ ಮನೆಯಲ್ಲಿ ಸಿಪಾಯಿ ಯಾವಾಗಲೂ ಹೊಸಬ. ಬಣ್ಣ ಹೋದರೆ ಅದಕ್ಕೆ ಮತ್ತೆ ಬಣ್ಣ ಬಳಿಯುತ್ತಾರೆ, ಬೇಕೆಂದೇ ಕೊಳೆ ಮಾಡುವುದಿಲ್ಲ. ಈ ಹವ್ಯಾಸದಲ್ಲಿ ಅರ್ಧ ಕೆಲಸ ಬಣ್ಣ ಹಚ್ಚುವುದು, ಉಳಿದರ್ಧ ಆ ಬಣ್ಣವನ್ನು ಕೆಡಿಸುವುದು: ಬಿಸಿಲಿಗೆ ಮಾಸಿದ ಹೆಗಲು, ಬೆವರಿನ ಕರೆ, ಮೊಣಕಾಲಿನವರೆಗೆ ಧೂಳು.

ನಾನು ಮಾಡಹೊರಟದ್ದು 1791ರ ಡಿಸೆಂಬರ್ 29ರಂದು ಗಾಜನೂರಿನಲ್ಲಿ ನಿಂತಿದ್ದ ಮೈಸೂರಿನ ಒಬ್ಬ ಕಾಲಾಳನ್ನು. (ರಾಜ್‌ಕುಮಾರ್ ಅವರ ಗಾಜನೂರಲ್ಲ, ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ತುಂಗಾ ಅಣೆಕಟ್ಟಿರುವ ಗಾಜನೂರು. ಈ ವಿವರಣೆಯನ್ನು ಪ್ರತಿ ಸೆಮಿನಾರಿನಲ್ಲೂ ಕೊಟ್ಟು ಅಭ್ಯಾಸವಾಗಿದೆ.) ಮೂರನೆಯ ಮೈಸೂರು ಯುದ್ಧದ ಕಾಲ. ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೈನ್ಯ, ಅದರ ಜೊತೆ ಕ್ಯಾಪ್ಟನ್ ಜಾನ್ ಲಿಟಲ್‌ನ ಬೊಂಬಾಯಿ ಸಿಪಾಯಿಗಳ ತುಕಡಿ, ಹೊಳೆಹೊನ್ನೂರನ್ನು ಹಿಡಿದು ಶಿವಮೊಗ್ಗದತ್ತ ಬಂದಿತ್ತು. ಟಿಪ್ಪುವಿನ ಕಡೆಯಿಂದ 'ಬೆಂಕಿ ನವಾಬ' ಎಂದು ಹೆಸರಾಗಿದ್ದ ಮುಹಮ್ಮದ್ ರಜಾ ಹಲವು ಸಾವಿರ ಜನರೊಂದಿಗೆ ಕೋಟೆಯಿಂದಾಚೆ, ಬಲಕ್ಕೆ ತುಂಗೆ, ಎಡಕ್ಕೆ ದಟ್ಟ ಕಾಡು, ಮುಂದೆ ಹಳ್ಳ ಇರುವಂಥ ಜಾಗ ನೋಡಿ ನಿಂತಿದ್ದ. ಮರಾಠಾ ಕುದುರೆಗಳಿಗೆ ಆ ಕಾಡು ಹೇಳಿಸಿದ್ದಲ್ಲ. ಕೊನೆಗೆ ಎಂಟುನೂರಕ್ಕೂ ಕಡಿಮೆಯಿದ್ದ ಲಿಟಲ್‌ನ ಸಿಪಾಯಿಗಳು ಒಳನುಗ್ಗಿದರು. ಸಂಜೆಯ ಹೊತ್ತಿಗೆ ರಜಾನ ಸೈನ್ಯ ಕಾಲ್ತೆಗೆಯಿತು. ಹೊಸ ವರ್ಷದ ಮೊದಲ ವಾರದಲ್ಲಿ ಶಿವಮೊಗ್ಗದ ಕೋಟೆ ಶರಣಾಯಿತು, ಊರು ಲೂಟಿಯಾಯಿತು.

ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಇದಕ್ಕೆಲ್ಲ ಸೇರಿ ಒಂದೂವರೆ ಪುಟ. ಅದರಲ್ಲಿ 'ರಜಾನ ಸೈನ್ಯ ಚದುರಿತು' ಎಂಬ ವಾಕ್ಯವನ್ನು ನಾನೇ ಬರೆದಿದ್ದೆ. ಬರೆದಾಗ ಏನೂ ಅನ್ನಿಸಿರಲಿಲ್ಲ. ಚದುರಿದವರು ಏನು ಉಟ್ಟಿದ್ದರು ಎಂದು ಕೇಳಿಕೊಳ್ಳಬೇಕಾಗಿ ಬಂದದ್ದು ಕುಂಚ ಹಿಡಿದ ಮೇಲೆ.

ಆ ದಿನವನ್ನು ಕಣ್ಣಾರೆ ಕಂಡು ಬರೆದವನು ಒಬ್ಬನಿದ್ದಾನೆ, ಎಡ್ವರ್ಡ್ ಮೂರ್. ಹುಟ್ಟಿದ್ದು 1771ರಲ್ಲಿ, ಅಂದರೆ ಆವತ್ತಿಗೆ ಅವನಿಗೆ ಇಪ್ಪತ್ತು ದಾಟಿತ್ತು ಅಷ್ಟೆ. ಗಾಜನೂರಿನಲ್ಲಿ ತನ್ನ ತುಕಡಿಯನ್ನು ಮುನ್ನಡೆಸುತ್ತಿದ್ದಾಗ ಎರಡು ಗಾಯಗಳಾದವು. ಇಂಗ್ಲೆಂಡಿಗೆ ಹೋಗಿ ಸುಧಾರಿಸಿಕೊಳ್ಳುತ್ತ ಲಿಟಲ್‌ನ ತುಕಡಿಯ ಕಥನವನ್ನು ಬರೆದು 1794ರಲ್ಲಿ ಅಚ್ಚು ಹಾಕಿಸಿದ. ಮುಂದೆ 1810ರಲ್ಲಿ ಹಿಂದೂ ದೇವತೆಗಳ ಮೇಲೆ ದೊಡ್ಡ ಗ್ರಂಥ ಬರೆದವನೂ ಇವನೇ. ನಮ್ಮ ಸೀಮೆಯ ಹದಿನೆಂಟನೆಯ ಶತಮಾನದ ಅತ್ಯಂತ ವಿವರವಾದ ಯುದ್ಧಕಥನ ನನಗಿಂತ ಚಿಕ್ಕ ವಯಸ್ಸಿನ, ಗಾಯಗೊಂಡ ಒಬ್ಬ ಶತ್ರುವಿನದು ಎಂಬುದು ನನಗೆ ಈಗಲೂ ವಿಚಿತ್ರವಾಗಿ ಕಾಣುತ್ತದೆ.

ಬಣ್ಣದ ವಿಷಯದಲ್ಲೂ ಹೀಗೆಯೇ. ಟಿಪ್ಪುವಿನ ಖಾಯಂ ಕಾಲಾಳುಗಳ ಅಂಗಿ ನೇರಳೆ ಬಣ್ಣದ್ದು, ಅದರ ಮೇಲೆ ಬಿಳಿಯ ಮಚ್ಚೆಗಳು, ಅದಕ್ಕೆ ಹುಲಿ ಅಂಗಿ ಎಂದು ಹೆಸರು. ತಲೆಗೆ ಕೆಂಪು ರುಮಾಲು, ನಡುವಿಗೆ ಅದೇ ಬಣ್ಣದ ಪಟ್ಟಿ. ಕಾಲು ಬರಿದು, ಇದ್ದರೆ ಚಪ್ಪಲಿ. ಇದು ಆ ಯುದ್ಧಕ್ಕೆ ಬಂದ ಇಂಗ್ಲಿಷರ ಬರಹಗಳಿಂದ ನಮಗೆ ಸಿಗುವ ಚಿತ್ರ. ಕಾರ್ನ್‌ವಾಲಿಸ್‌ನ ಸೈನ್ಯದ ಹಿಂದೆ ಮೈಸೂರು ಸೀಮೆಗೆ ಬಂದ ಚಿತ್ರಗಾರ ರಾಬರ್ಟ್ ಹೋಮ್ ಟಿಪ್ಪುವಿನ ಸಿಪಾಯಿಯೊಬ್ಬ ರಾಕೆಟ್ಟಿನ ಗಳುವಿಗೆ ಬಾವುಟ ಕಟ್ಟಿ ಹಿಡಿದಿರುವುದನ್ನು ಬಿಡಿಸಿದ್ದಾನೆ. ಅದೇ ಹೊತ್ತಿನಲ್ಲಿ ಮೈಸೂರಿನ ಕುಶಲಕರ್ಮಿಗಳು ಏನು ಮಾಡುತ್ತಿದ್ದರು? ಅವರು ಇಂಗ್ಲಿಷ್ ಸಿಪಾಯಿಯನ್ನು ಮಾಡುತ್ತಿದ್ದರು! ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಟಿಪ್ಪುವಿನ ಮರದ ಹುಲಿಯ ಕೆಳಗೆ ಬಿದ್ದಿರುವ ಕೆಂಪು ಕೋಟಿನ, ಕಪ್ಪು ಟೋಪಿಯ ಆಳು, ಮೈಸೂರಿನಲ್ಲಿ ಬಣ್ಣ ಹಚ್ಚಿಸಿಕೊಂಡ ಯುರೋಪಿನವನು. ನಮ್ಮವನನ್ನು ಅವರು ಬರೆದರು, ಅವರವನನ್ನು ನಾವು.

ಇಬ್ಬರೂ ಒಟ್ಟಿಗೆ ಇರುವ ಚಿತ್ರ ಒಂದಿದೆಯಲ್ಲ ಎಂದು ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದವರು ಹೇಳಿಯಾರು. ನಾನೂ ಅದನ್ನೇ ನಂಬಿ ಹೋಗಿದ್ದೆ. 1780ರ ಪೊಲ್ಲಿಲೂರು ಯುದ್ಧದ ಆ ಭಿತ್ತಿಚಿತ್ರದಲ್ಲಿ ಸಾಲುಸಾಲಾಗಿ ಸಿಪಾಯಿಗಳಿದ್ದಾರೆ, ಕೆಲವರು ನನ್ನ ಗೊಂಬೆಗಿಂತ ಸ್ವಲ್ಪವೇ ದೊಡ್ಡವರು. ಆದರೆ ಆ ಗೋಡೆಯ ಕಥೆ ಕೇಳಿ. ಅರಮನೆ ಕಟ್ಟಿದ್ದು 1784ರಲ್ಲಿ. ಯುದ್ಧ ಬಾಗಿಲಿಗೆ ಬಂದಾಗ ಚಿತ್ರ ಅಳಿಸಿಹೋಗಿತ್ತು. 1799ರ ನಂತರ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ. ಮತ್ತೆ ಕೆಟ್ಟಿತು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಹಳೆಯ ಚಿತ್ರವನ್ನು ಕಂಡು ನೆನಪಿಟ್ಟುಕೊಂಡಿದ್ದ ಒಬ್ಬ ಕಲಾವಿದ ಮತ್ತೊಮ್ಮೆ ಬಣ್ಣ ತುಂಬಿದ. ಈಗ ನಾವು ಕಾಣುವುದು ಆ ನೆನಪನ್ನು. ಯುದ್ಧವಾಗಿ ಎಪ್ಪತ್ತೈದು ವರ್ಷಗಳ ಮೇಲಿನ ನೆನಪು. ಗೋಡೆಯ ಎದುರು ಶೇಡ್ ಕಾರ್ಡ್ ಹಿಡಿದು ನಿಂತಿದ್ದ ನಾನು ಅದನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಇನ್ನು ಆ 'ನೇರಳೆ'. ಇಂಗ್ಲಿಷಿನವನು ಬರೆದ ಒಂದು ಪದದಿಂದ ನಾನು ಯಾವ ನೇರಳೆ ಹಿಡಿಯಬೇಕು? ನೇರಳೆಹಣ್ಣಿನ ಹೊರಗಿನ ಕಪ್ಪೋ, ತಿಂದವನ ನಾಲಿಗೆಯ ಬಣ್ಣವೋ? ಆಗ ರಾಸಾಯನಿಕ ಬಣ್ಣಗಳಿರಲಿಲ್ಲ. ನೀಲಿಗಿಡದ ನೀಲಿಯ ಮೇಲೆ ಅರಗಿನದೋ ಬೇರಿನದೋ ಕೆಂಪನ್ನು ಏರಿಸಬೇಕು, ಇಲ್ಲವೇ ಪಾಪ್ಲಿ ಬಳ್ಳಿಯ ಬೇರಿನ ತೊಗಟೆಯಂಥದನ್ನು ಕಬ್ಬಿಣದ ನೀರಿನೊಂದಿಗೆ ಬಳಸಬೇಕು. ಹೀಗೆ ಬಂದ ನೇರಳೆ ಎರಡು ಮಗ್ಗಲಿನ ಬಟ್ಟೆಯಲ್ಲಿ ಒಂದೇ ಥರ ಇರಲಾರದು. ಸಾವಿರ ಅಂಗಿಗಳಲ್ಲಿ ಇದ್ದೀತೇ? ಆದ್ದರಿಂದ ನಾನು ನೀಲಿಗೆ ಹೆಚ್ಚು ವಾಲುವ, ಸ್ವಲ್ಪ ಕಂದು ಸೇರಿದ ನೇರಳೆ ಕಲಸಿದೆ. ಇದು ನನ್ನ ತೀರ್ಮಾನ, ದಾಖಲೆಯದಲ್ಲ. ಅದಕ್ಕೂ ಒಂದಿಷ್ಟು ಬಿಳಿ ಬೆರೆಸಬೇಕಾಯಿತು. ಒಂದಡಿ ದೂರದಿಂದ ನೋಡುವ ಈ ಗೊಂಬೆ, ನಿಜದಲ್ಲಿ ಮೂವತ್ತು ಅಡಿಗೂ ಆಚೆ ನಿಂತ ಮನುಷ್ಯನಿಗೆ ಸಮ. ದೂರ ಹೋದಷ್ಟೂ ಬಣ್ಣ ತೆಳುವಾಗುತ್ತದೆ. ಅಂಗಿಯ ಬಣ್ಣವನ್ನು ಹಾಗೆಯೇ ಹಚ್ಚಿದರೆ ಗೊಂಬೆ ಕರ್ರಗೆ ಕಾಣುತ್ತದೆ.

ಅದಕ್ಕೂ ಮೊದಲು ದೇಹವೇ ಬೇಕಿತ್ತು. ತರಿಸಿದ್ದು ಆ ಕಾಲದ ಯುರೋಪಿನ ಸಿಪಾಯಿಯ ರೆಸಿನ್ ಗೊಂಬೆ. ಅವನ ಕೋಟಿನ ಬಾಲ ಕತ್ತರಿಸಿದೆ. ಟೋಪಿ ಕಿತ್ತು ಎಂ-ಸೀಲಿನಲ್ಲಿ ರುಮಾಲು ಸುತ್ತಿದೆ. ಕಷ್ಟ ಕೊಟ್ಟದ್ದು ಬೂಟು. ಬೂಟನ್ನು ಕೆತ್ತಿ ಒಳಗಿನಿಂದ ಬರಿಗಾಲನ್ನು ತೆಗೆಯಲು ನಾಲ್ಕು ಸಂಜೆ ಹಿಡಿಯಿತು. ಬೆರಳುಗಳನ್ನು ಸೂಜಿಯಲ್ಲಿ ಗೀರಿದ್ದು, ಮೀನಖಂಡವನ್ನು ಎಂ-ಸೀಲಿನಲ್ಲಿ ತುಂಬಿದ್ದು. ಮಚ್ಚೆಗಳಿಗೆ ಮತ್ತೊಂದು ವಾರ. ನಿಜದಲ್ಲಿ ಮೂರು ಸೆಂಟಿಮೀಟರ್ ಇರುವ ಮಚ್ಚೆ ಇಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ. ಉಸಿರು ಬಿಟ್ಟಾಗ ಕುಂಚ ಅಲುಗದಂತೆ, ಉಸಿರು ಬಿಗಿಹಿಡಿದು ಒಂದೊಂದೇ.

ಆಮೇಲೆ ನನ್ನ ಪ್ರೀತಿಯ ಕೆಲಸ, ಕೊಳೆ. ಕಂದು ಬಣ್ಣವನ್ನು ನೀರಾಗಿಸಿ ಮೈತುಂಬ ಹರಿಸಿದೆ, ಮಡಿಕೆಗಳಲ್ಲಿ ನಿಂತಿತು. ಅಂಚುಗಳಿಗೆ ಒಣಕುಂಚ ಉಜ್ಜಿ ಸವೆಸಿದೆ. ಮ್ಯೂಸಿಯಮ್ಮಿನ ನಾಲ್ಕು ಪುಟ ಟಿಪ್ಪಣಿ ತೆರೆದಿಟ್ಟುಕೊಂಡು ಬಂದೂಕಿನ ನಳಿಗೆಗೆ ತುಕ್ಕು ಹಿಡಿಸಿದೆ: ಕಂದು, ಇಟ್ಟಿಗೆಕೆಂಪು, ಚಕ್ಕೆಯೊಳಗಿನ ಕಿತ್ತಳೆ, ಎಲ್ಲ. ಇಷ್ಟು ಚೆನ್ನಾಗಿ ನಾನು ಯಾವುದನ್ನೂ ಮಾಡಿರಲಿಲ್ಲ. ಹತ್ತಿಯಲ್ಲಿ ಸುತ್ತಿ ಶಂಕರಘಟ್ಟಕ್ಕೆ ಒಯ್ದು ನಮ್ಮ ಗೈಡ್ ಮೇಷ್ಟ್ರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಯ್ಯ. ಆದ್ರೆ ಇವನು ಯಾವಾಗ ಸತ್ತೋನು?"

"ಸತ್ತಿಲ್ಲ ಸರ್, ಯುದ್ಧಕ್ಕೆ ನಿಂತಿದಾನೆ. 1791."

"ಹಂಗಾದ್ರೆ ಬಂದೂಕು ಯಾಕೆ ಬಾವಿಯಿಂದ ಎತ್ತಿದ ಹಾಗಿದೆ?"

ಬಸ್ಸಿನಲ್ಲಿ ವಾಪಸು ಬರುವಾಗ ಅದೊಂದು ಮಾತೇ ತಲೆಯಲ್ಲಿ. ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜ. ನಾನು ಹಚ್ಚಿದ ತುಕ್ಕು ಬಾವಿಯ ಕೆಸರಿನಲ್ಲಿ ಇನ್ನೂರು ವರ್ಷ ಮಲಗಿದ ಕಬ್ಬಿಣದ್ದು. ಆ ಬೆಳಿಗ್ಗೆ ಗಾಜನೂರಿನಲ್ಲಿ ಬಂದೂಕಿಗೆ ಎಣ್ಣೆ ಸವರಿರುತ್ತಿದ್ದರು. ಸವರದಿದ್ದರೆ ಹವಾಲ್ದಾರ ಬಿಡುತ್ತಿರಲಿಲ್ಲ. ರಾಕೆಟ್ಟಿನ ಕೊಳವೆಯೂ ಕುಲುಮೆಯಿಂದ ಬಂದ ಕಪ್ಪಿನಲ್ಲೇ ಇದ್ದಿರಬೇಕು. ಆ ಸಿಪಾಯಿ ನನಗೆ ಹಳಬ, ಅವನಿಗೆ ಅವನು ಹಳಬನಲ್ಲ. ಅವನ ಮೈಮೇಲೆ ಇದ್ದದ್ದು ಆ ದಿನದ್ದೋ ಆ ತಿಂಗಳದ್ದೋ ಕೊಳೆ. ನಾನು ಹಚ್ಚಿದ್ದು ನಮ್ಮಿಬ್ಬರ ನಡುವಿನ ಕಾಲವನ್ನು. ನಾಲ್ಕನೆಯ ಅಧ್ಯಾಯದಲ್ಲೂ ಅದನ್ನೇ ಮಾಡಿದ್ದೆನೇನೋ. ಸೋಲು ಮೊದಲೇ ಗೊತ್ತಿದ್ದವನಂತೆ ಅವನನ್ನು ಬರೆದಿದ್ದೆ. 1799ರ ಶ್ರೀರಂಗಪಟ್ಟಣದ ನೆರಳು 1791ರ ಗಾಜನೂರಿನ ಮೇಲೆ ಬಿದ್ದಿತ್ತು. ಆ ಬೆಳಿಗ್ಗೆ ನದಿ, ಕಾಡು, ಹಳ್ಳದ ಮಧ್ಯೆ ಎಂಥ ಒಳ್ಳೆಯ ಜಾಗದಲ್ಲಿ ನಿಂತಿದ್ದೇವೆ ಎಂದು ಅವರಿಗೆ ಧೈರ್ಯವೇ ಇದ್ದಿರಬಹುದು.

ಸ್ಪಿರಿಟ್ಟಿನಲ್ಲಿ ಅದ್ದಿ ಎಲ್ಲ ಬಣ್ಣ ತೆಗೆದೆ. ನೇರಳೆ ಬಸಿದುಹೋಗುವುದನ್ನು ನೋಡುವುದು ಸುಲಭವಿರಲಿಲ್ಲ.

ಎರಡನೆಯ ಸಲ ಅಂಗಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಿಯ ಬಣ್ಣ ಹೇಗೂ ಊಹೆ, ಎಷ್ಟು ಓದಿದರೂ ಒಬ್ಬ ವಿದೇಶಿಯ ಒಂದು ವಿಶೇಷಣದ ಮೇಲೆ ನಿಂತದ್ದು. ಆದರೆ ಅವನ ಬರಿಗಾಲಿನ ಮಣ್ಣು ಊಹೆಯಾಗಬೇಕಿಲ್ಲ. ಅದನ್ನು ಯಾರೂ ಲಂಡನ್ನಿಗೆ ಒಯ್ದಿಲ್ಲ, ಯಾರೂ ಮೇಲೆ ಬಣ್ಣ ಬಳಿಸಿಲ್ಲ. ಡಿಸೆಂಬರಿನ ಕೊನೆಗೆ, ಅದೇ ದಿನಗಳಲ್ಲಿ, ಬೆಳಿಗ್ಗೆ ಗಾಜನೂರಿಗೆ ಹೋದೆ. ಗದ್ದೆಯಲ್ಲಿ ಕೊಯ್ಲು ಮುಗಿದು ಕೂಳೆ ನಿಂತಿತ್ತು. ಹುಲ್ಲಿನ ಮೇಲೆ ಇಬ್ಬನಿ. ಹೊಳೆಯ ಕಡೆಯಿಂದ ಮಂಜು ಇನ್ನೂ ಎದ್ದಿರಲಿಲ್ಲ. ಆ ಹೊತ್ತಿನಲ್ಲಿ ಮಲೆನಾಡಿನ ಕೆಂಪು ಮಣ್ಣು ಧೂಳಾಗಿರುವುದಿಲ್ಲ, ಇಬ್ಬನಿ ಕುಡಿದು ಪಾದಕ್ಕೆ ಅಂಟುತ್ತದೆ. ಹತ್ತು ಗಂಟೆಯ ಬಿಸಿಲು ಬಿದ್ದ ಮೇಲೆ ಒಣಗಿ ತಿಳಿಯಾಗುತ್ತದೆ. ಹಾಗಾದರೆ ಪಾದದಲ್ಲಿ ಗಾಢ ಕೆಂಪು, ಮೀನಖಂಡದಲ್ಲಿ ಅದರದೇ ತಿಳಿ ಧೂಳು. ಇದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಚಪ್ಪಲಿ ಬಿಟ್ಟು ನಡೆದು ನನ್ನ ಕಾಲನ್ನೇ ಫೋಟೋ ತೆಗೆದುಕೊಂಡೆ.

ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುತ್ತಿದ್ದಾಗ ಕಂಬಳಿ ಹೊದ್ದ ಅಜ್ಜರೊಬ್ಬರು ಬದುವಿನ ಮೇಲೆ ನಿಂತರು.

"ಏನ್ ಮಾರಾಯ, ಮಣ್ಣು ಪರೀಕ್ಷೆಗಾ?"

"ಅಲ್ಲ ಅಜ್ಜ, ಗೊಂಬೆಗೆ." ಫೋನಿನಲ್ಲಿ ಗೊಂಬೆಯ ಫೋಟೋ ತೋರಿಸಿ, ಇಲ್ಲಿ ನಡೆದ ಯುದ್ಧದ ಕಥೆ ಹೇಳಿದೆ. ಅವರು ಆಸಕ್ತಿಯಿಂದಲೇ ಕೇಳಿದರು. ಟಿಪ್ಪುವಿನ ಹೆಸರು ಬಂದಾಗ ಈಗೀಗ ಜನ ಕೇಳುವ ಪ್ರಶ್ನೆಗೆ ನಾನು ಸಿದ್ಧನಾಗಿದ್ದೆ. ಅವರು ಕೇಳಿದ್ದು ಬೇರೆ.

"ಇವ ಊರೋನಾ, ದಂಡಿನೋನಾ?"

"ದಂಡಿನೋನು."

"ಅದೇ, ಅಂಗಿ ನೋಡಿದ್ರೇ ಗೊತ್ತಾಗ್ತದೆ. ಊರೋರು ಇರ್ಲಿಲ್ವಾ ಹಂಗಾದ್ರೆ?"

ಇದ್ದರು. ಕಂದಾಚಾರದವರು ಎಂದು ಮೈಸೂರಿನ ದಾಖಲೆಗಳಲ್ಲಿ ಬರುವವರು ಅವರೇ. ಊರಲ್ಲೇ ಇದ್ದು, ಬೇಸಾಯ ಮಾಡುತ್ತ, ಕರೆ ಬಂದಾಗ ಕತ್ತಿಯನ್ನೋ ಕೋವಿಯನ್ನೋ ಹಿಡಿದು ಹೋಗುವ ಪಡೆ. ಕೋಟೆ ಕಾವಲಿಗೆ, ಘಾಟಿ ಕಾವಲಿಗೆ ಇಂಥವರೇ ನಿಲ್ಲುವುದು ವಾಡಿಕೆ. ಟಿಪ್ಪು ಸತ್ತ ಮೇಲೆ 1800-01ರಲ್ಲಿ ಮೈಸೂರು ಸೀಮೆಯೆಲ್ಲ ಸುತ್ತಿದ ಬುಕನನ್ ಕೂಡ ಅವರನ್ನು ಹೆಸರಿಸುತ್ತಾನೆ. ಆದರೆ ಅವರಿಗೆ ಸಮವಸ್ತ್ರ ಇರಲಿಲ್ಲ. ಸಮವಸ್ತ್ರ ಇಲ್ಲದ್ದರಿಂದ ಶತ್ರುವಿನ ಕಣ್ಣಿಗೂ ಬೀಳಲಿಲ್ಲ, ಚಿತ್ರಕ್ಕೂ ಸಿಗಲಿಲ್ಲ, ನನ್ನಂಥ ಹವ್ಯಾಸಿಗೂ ಬೇಡವಾದರು. ಬಣ್ಣ ಗೊತ್ತಿಲ್ಲದವನಿಗೆ ಬಣ್ಣ ಹಚ್ಚುವುದು ಹೇಗೆ?

ಅದಕ್ಕಿಂತ ಹಿಂದೆ ಹೀಗಿರಲಿಲ್ಲ. ರಾಕೆಟ್ಟು ನೋಡಲು ಹೋದಾಗಲೆಲ್ಲ ನಾನು ದಾಟಿ ಹೋಗುತ್ತಿದ್ದ ಅರಮನೆಯ ಅಂಗಳದಲ್ಲಿ ವೀರಗಲ್ಲುಗಳಿವೆ. ಈ ಜಿಲ್ಲೆಯಲ್ಲಿ ಅವಕ್ಕೆ ಬರವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿರುವುದು. ಬಣ್ಣವಿಲ್ಲ, ಮಳೆ ಗಾಳಿಗೆ ಎಷ್ಟೋ ಕಲ್ಲುಗಳ ಮುಖ ಸವೆದು ನುಣ್ಣಗಾಗಿದೆ. ಆದರೆ ದನಗಳನ್ನು ಅಟ್ಟಿಕೊಂಡು ಹೋಗುತ್ತಿದ್ದವರನ್ನು ತಡೆಯಲು ಹೋಗಿ ಸತ್ತ ಊರಿನ ಸಾಮಾನ್ಯನಿಗೂ ಅಲ್ಲಿ ಒಂದು ಕಲ್ಲು, ಎಷ್ಟೋ ಸಲ ಒಂದು ಹೆಸರು. ಗಾಜನೂರಿನಲ್ಲಿ ಸತ್ತವರಿಗೆ, ಎರಡೂ ಕಡೆಯವರಿಗೆ, ಇರುವುದು ಒಂದು ಅಂಕಿ. ಕೆಂಪು ಕೋಟು ತೊಟ್ಟು ಎದುರಿನಿಂದ ಬಂದ ಬೊಂಬಾಯಿ ಸಿಪಾಯಿಗಳೂ ಬಹುಪಾಲು ಈ ದೇಶದವರೇ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ತಂದ ಮಣ್ಣನ್ನು ಒಣಗಿಸಿ, ಕಲ್ಬತ್ತಿನಲ್ಲಿ ಅರೆದು, ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಸೋಸದಿದ್ದರೆ ಅರ್ಧ ಮಿಲಿಮೀಟರಿನ ಮರಳ ಕಣ ಅವನ ಅಳತೆಗೆ ಒಂದೂವರೆ ಸೆಂಟಿಮೀಟರಿನ ಜಲ್ಲಿಯಾಗುತ್ತದೆ. ಅರೆದಷ್ಟೂ ಕೆಂಪು ಬೆಳಗುತ್ತದೆ, ಕಿತ್ತಳೆಯತ್ತ ಹೋಗುತ್ತದೆ. ಹೀಗೆ ಮಣ್ಣನ್ನು ಬಣ್ಣ ಮಾಡುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಸಾಗರದ ಕಡೆ ದೀವರ ಹೆಂಗಸರು ಹಸೆ ಚಿತ್ತಾರಕ್ಕೆ ಗೋಡೆಗೆ ಸಾರಿಸುವುದು ಇದೇ ಕೆಮ್ಮಣ್ಣು. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ನಮ್ಮ ಭದ್ರಾವತಿಯ ಕಾರ್ಖಾನೆಗೆ ದಶಕಗಳ ಕಾಲ ಅದಿರು ಬಂದದ್ದೂ ಕೆಮ್ಮಣ್ಣುಗುಂಡಿಯಿಂದ. ಕೆಂಪಿಗೆ ಕಾರಣ ಕಬ್ಬಿಣವೇ. ಬಾವಿಯ ರಾಕೆಟ್ಟಿನ ತುಕ್ಕು, ಗದ್ದೆಯ ಮಣ್ಣು, ಎರಡೂ ಹತ್ತಿರದ ನೆಂಟರು. ಮಣ್ಣಿನ ಪುಡಿಗೆ ಎರಡು ಹನಿ ಫೆವಿಕಾಲ್ ನೀರು ಸೇರಿಸಿ ಅವನ ಪಾದಗಳಿಗೆ ಹಚ್ಚಿದೆ, ಒಣಪುಡಿಯನ್ನು ಮೀನಖಂಡಕ್ಕೆ ಊದಿದೆ. ಬಂದೂಕಿಗೆ ಈ ಸಲ ಕಪ್ಪು, ಅಂಚಿನಲ್ಲಿ ಸೀಸದಕಡ್ಡಿಯ ಹೊಳಪು, ಅಷ್ಟೆ. ಮೇಷ್ಟ್ರು ನೋಡಿ, ಹ್ಞೂಂ, ಈಗ ಉಸಿರಾಡ್ತಿದಾನೆ ಎಂದರು. ನಾಲ್ಕನೆಯ ಅಧ್ಯಾಯವನ್ನು ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. 'ಚದುರಿತು' ಎಂಬ ವಾಕ್ಯದ ಜಾಗದಲ್ಲಿ ಈಗ ಮೂರು ಪುಟಗಳಿವೆ, ಇನ್ನೂ ಮುಗಿದಿಲ್ಲ.

ಡಬ್ಬಿಯ ಮೇಲೆ ಈಗ ಎರಡನೆಯವನೊಬ್ಬ ನಿಂತಿದ್ದಾನೆ. ಇವನಿಗೆ ರುಮಾಲಿಲ್ಲ, ಮಚ್ಚೆಯ ಅಂಗಿಯಿಲ್ಲ. ಕೈಯಲ್ಲಿ ಕೋವಿಯ ಬದಲು ಕತ್ತಿ ಕೊಟ್ಟಿದ್ದೇನೆ. ಹೊರಡುವಾಗ ಅಜ್ಜ, "ಧನುರ್ಮಾಸದ ಚಳಿ ಮಾರಾಯ, ಅವನಿಗೊಂದು ಕಂಬಳಿ ಹಾಕು" ಎಂದು ಕೂಗಿ ಹೇಳಿದ್ದರು. ಎಂ-ಸೀಲಿನಲ್ಲಿ ಕಂಬಳಿ ಹೊದಿಸಿ, ಕಚ್ಚೆ ಕಟ್ಟಿ, ಬೂದುಬಣ್ಣದ ಪ್ರೈಮರ್ ಹೊಡೆದು ಎರಡು ತಿಂಗಳಾಯಿತು. ಕಂಬಳಿಗೆ ಯಾವ ಕಪ್ಪು, ಪಂಚೆಗೆ ಯಾವ ಬಿಳಿ, ಅವನ ಮೈಗೆ ಯಾವ ಬಣ್ಣ ಎಂದು ಕುಂಚ ಎತ್ತಿ ಇಡುತ್ತಲೇ ಇದ್ದೇನೆ. ತಲೆಯಿಂದ ಮೊಣಕಾಲಿನವರೆಗೆ ಅವನು ಇನ್ನೂ ಬೂದಿ. ಪಾದಗಳಿಗೆ ಮಾತ್ರ ಗಾಜನೂರಿನ ಮಣ್ಣು ಹಚ್ಚಿಬಿಟ್ಟಿದ್ದೇನೆ.